ಒಗೆಯದ ಟವೆಲ್

"ಕಟಿಂಗ್ ಅಂಗಡಿಯವನು ಜೇಬಿನ ಜೊತೆ ಮಾತಾಡ್ತಾನೆ" ಎಂದು ನಮ್ಮ ಮಾವನ ಅಕ್ಕಪಕ್ಕದವರು ಹೇಳುತ್ತಿದ್ದರು. ಸುಳ್ಳೇನಲ್ಲ. ಮಾತಾಡುತ್ತಿದ್ದ, ಜೇಬೂ ಕಿಚಕಿಚ ಎಂದು ಉತ್ತರ ಕೊಡುತ್ತಿತ್ತು. ಒಳಗಿದ್ದದ್ದು ಶುಗರ್ ಗ್ಲೈಡರ್ ಎಂಬ, ಅಳಿಲಿನಂಥ ಅಂಗೈಯಗಲದ ಸಾಕುಪ್ರಾಣಿ. ಮುಖದ ತುಂಬ ಕಣ್ಣು, ಕೈಗೂ ಕಾಲಿಗೂ ನಡುವೆ ತೆಳ್ಳನೆಯ ಚರ್ಮ; ಅದನ್ನು ಬಿಚ್ಚಿ ಕನ್ನಡಿಯ ಮೇಲಿಂದ ಮಾವನ ಹೆಗಲಿಗೆ ತೇಲಿ ಬರುತ್ತಿತ್ತು. ಜೊತೆಗಾತಿ ಸತ್ತ ಮೇಲೆ ಅದು ತನ್ನ ಬಾಲದ ಕೂದಲನ್ನು ತಾನೇ ಕೀಳತೊಡಗಿತು. ಗಿರಾಕಿಗಳಿಗೆ ಅಷ್ಟೇ ಸಾಕಾಯಿತು. "ಎಲ್ಲರ ತಲೆ ನೋಡ್ಕೊಳ್ಳೋನ ಮನೇಲೇ ಬೋಳು!" ಅದಕ್ಕೆ ಬೋಳಣ್ಣ ಎಂಬ ಹೆಸರು ನಿಂತೇಬಿಟ್ಟಿತು.

ಮಾವನಿಗೊಂದು ಹೆಮ್ಮೆಯಿತ್ತು. ಒಬ್ಬರಿಗೆ ಹೊದಿಸಿದ ಟವೆಲನ್ನು ಒಗೆಯದೆ ಇನ್ನೊಬ್ಬರ ಕೊರಳಿಗೆ ಹಾಕಿದವನೇ ಅಲ್ಲ. ಅಂಗಡಿಯ ಹಿಂದಿನ ತಂತಿಯಲ್ಲಿ ಬಿಳಿ ಟವೆಲುಗಳು ಸದಾ ಹಾರಾಡುತ್ತಿದ್ದವು.

ಕೈ ನಡುಗತೊಡಗಿದಾಗ ಮಾವ ಕತ್ತರಿ ಕೆಳಗಿಟ್ಟ. ಒಂದು ಕಿವಿಗೂ ಗಾಯವಾಗುವ ಮೊದಲೇ ಇಟ್ಟ, ಅದನ್ನೂ ಹೇಳಬೇಕು. ಅವನ ಅಕ್ಕ, ಅಂದರೆ ನಮ್ಮಮ್ಮ, "ನಮ್ಮನೆಗೆ ಬಂದುಬಿಡೋ" ಎಂದಳು. ಆದರೆ ಅಮ್ಮನ ಬಳಿಯೂ ಎರಡು ಹೆಣ್ಣು ಗ್ಲೈಡರುಗಳಿದ್ದವು, ಅಕ್ಕತಂಗಿಯರು. ಇನ್ನೊಂದು ಪಂಜರಕ್ಕೆ ನಮ್ಮ ಮನೆಯಲ್ಲಿ ಜಾಗವಿಲ್ಲ.

"ಬೋಳಣ್ಣ ಅವರ ಜೊತೆ ಹೊಂದ್ಕೊಂಡ್ರೆ ಬರ್ತೀನಿ, ಅಕ್ಕ. ಇಲ್ಲಾಂದ್ರೆ ನಾವಿಬ್ಬರೂ ಇಲ್ಲೇ."

ಬೋಳಣ್ಣನಿಗೆ ಮರಿಯಾಗದ ಹಾಗೆ ಆಪರೇಷನ್ ಮೊದಲೇ ಆಗಿತ್ತು. ಅಮ್ಮ ತನ್ನ ಪಂಜರವನ್ನು ಮಾವನ ಮನೆಗೆ ಹೊತ್ತು ತಂದು, ಅವನ ಪಂಜರದಿಂದ ಒಂದು ಗೇಣು ಆಚೆ ಇಟ್ಟಳು. "ಮೊದಲು ವಾಸನೆ ಪರಿಚಯ ಆಗ್ಬೇಕು. ದಿನಾ ಇವರ ಬಟ್ಟೆ ಅವನಿಗೆ, ಅವನ ಬಟ್ಟೆ ಇವರಿಗೆ ಹಾಸು" ಎಂದು ಹೇಳಿ ಹೋದಳು.

ವಾರ ಕಳೆದು ಬಂದು ನೋಡಿದರೆ ಯಾವ ಬದಲಾವಣೆಯೂ ಇಲ್ಲ. ಕಂಬಿಯಾಚೆ ಮುಖ ಕಂಡರೆ ಸಾಕು, ಮೂರೂ ಕೆಟ್ಟ ಮಿಕ್ಸಿಯಂತೆ ಗರಗರ. ಬೋಳಣ್ಣ ಎದೆಯ ಕೂದಲಿಗೂ ಬಾಯಿ ಹಾಕಿದ್ದ.

"ಬಟ್ಟೆ ಬದಲಾಯಿಸಿದ್ಯೇನೋ?"

"ಒಂದು ದಿನಾನೂ ತಪ್ಪಿಸಿಲ್ಲ. ಒಗೆದು, ಬಿಸಿಲಿಗೆ ಹಾಕಿ, ಇಸ್ತ್ರಿ ಮಾಡಿ ಬದಲಾಯಿಸಿದೀನಿ!" ಮಾವ ಎದೆಯುಬ್ಬಿಸಿದ.

ಅಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಇಸ್ತ್ರಿ ಮಹಾರಾಯ! ವಾಸನೆಯೆಲ್ಲ ಮೋರಿಗೆ ಹೋಯ್ತಲ್ಲೋ! ಒಗೀದೆ ಹಾಸ್ಬೇಕು, ಒಗೀದೆ!"

"ಒಬ್ಬರ ಕೊಳೆ ಬಟ್ಟೆ ಇನ್ನೊಬ್ಬರಿಗಾ?" ಮಾವನ ಮುಖ ಹುಳ್ಳಗಾಯಿತು.

ತುಸು ಹೊತ್ತು ಬೋಳಣ್ಣನ ಬಾಲವನ್ನೇ ನೋಡುತ್ತ ಕೂತ. ಆಮೇಲೆ ಎದ್ದು, ಅಕ್ಕತಂಗಿಯರ ಬಟ್ಟೆಯನ್ನು ಎರಡು ಬೆರಳ ತುದಿಯಲ್ಲಿ ಎತ್ತಿ, ಮುಖ ಆಚೆ ತಿರುಗಿಸಿ ಬೋಳಣ್ಣನ ಪಂಜರದಲ್ಲಿ ಹಾಸಿದ. ಬೋಳಣ್ಣ ಮೂಸಿದ, ಗರ್ ಎಂದ, ಮತ್ತೆ ಮೂಸಿದ. ಕೊನೆಗೆ ಅದನ್ನೇ ಎಳೆದುಕೊಂಡು ಮಲಗಿದ.

ಮಾವ ಒಮ್ಮೆ ಮನಸ್ಸು ಮಾಡಿದರೆ ಮುಗಿಯಿತು. ದಿನಕ್ಕೆರಡು ಅಂಗಿ ಬದಲಿಸುತ್ತಿದ್ದವನು ಒಂದೇ ಅಂಗಿಯಲ್ಲಿ ಉಳಿದ. ಅದರೊಳಗೆ ಒಮ್ಮೆ ಅಕ್ಕತಂಗಿಯರನ್ನು, ಒಮ್ಮೆ ಬೋಳಣ್ಣನನ್ನು ಇಟ್ಟುಕೊಂಡು ತಿರುಗಿದ.

"ನಾರ್ತಿದೀಯ ಕಣೋ!"

"ನಾರಲಿ ಬಿಡಕ್ಕ. ಮೂವರಿಗೂ ಒಂದೇ ವಾಸನೆ."

ಗರಗರ ನಿಂತ ಮೇಲೆ, ಒಂದು ಸಂಜೆ, ಯಾರ ಜಾಗವೂ ಅಲ್ಲದ ಬಚ್ಚಲುಮನೆಯಲ್ಲಿ ಮೂವರನ್ನೂ ಬಿಟ್ಟರು. ಕಚ್ಚಾಡಿದರೆ ಬಿಡಿಸಲು ಮಾವ ಟವೆಲ್ ಹಿಡಿದು ಕುಕ್ಕರಗಾಲಲ್ಲಿ ಕೂತ. ಬೋಳಣ್ಣ ಮೂಲೆ ಸೇರಿದ. ದೊಡ್ಡವಳು ಬಂದಳು, ಮೂಸಿದಳು, ಅವನ ಬೋಳು ಬಾಲವನ್ನು ನೆಕ್ಕತೊಡಗಿದಳು. ಮಾವನ ಟವೆಲ್ ಕಣ್ಣೊರೆಸಲು ಬಂತು.

ಹಳೆಯ ವಾಸನೆ ಹೋಗಲೆಂದು ಎರಡರಲ್ಲಿ ದೊಡ್ಡ ಪಂಜರವನ್ನು ತಿಕ್ಕಿ ತೊಳೆದು, ಕೊಂಬೆಗಳ ಜಾಗ ಬದಲಿಸಿ ಮೂವರನ್ನೂ ಬಿಡುವ ಕೆಲಸವನ್ನು ಮಾವ ಯಾರಿಗೂ ಬಿಟ್ಟುಕೊಡಲಿಲ್ಲ. "ತೊಳೆಯೋದನ್ನ ನನಗೆ ಹೇಳ್ಕೊಡ್ಬೇಡಿ!" ಬೆಳಿಗ್ಗೆ ಮೂರೂ ಪಂಜರದಲ್ಲಿ ತೂಗುಬಿಟ್ಟ ಒಂದೇ ಬಟ್ಟೆಯ ಚೀಲದಲ್ಲಿ, ಯಾರ ಬಾಲ ಯಾರದೆಂದು ತಿಳಿಯದಂತೆ ಉಂಡೆಯಾಗಿದ್ದವು. ಬೀದಿಯವರನ್ನೆಲ್ಲ ಕರೆದು ತೋರಿಸಿದ.

ಹೊರಡುವ ದಿನ ಖಾಲಿ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಪಕ್ಕದ ಮನೆಯಾಕೆಗೆ ಕೊಟ್ಟ.

"ಇವತ್ತೇನು, ಜೇಬಿನ ಜೊತೆ ಮಾತಿಲ್ಲ?" ಎಂದಳು ಆಕೆ.

"ಶ್! ಮೂವರೂ ಮಲಗಿದಾರೆ, ತಾಯಿ" ಎಂದ ಮಾವ. ಎದೆಯ ಮೇಲಿನ ಚೀಲಕ್ಕೆ ಒಂದು ಕೈ ಅಡ್ಡ ಹಿಡಿದು, ಒಗೆಯದ ಟವೆಲನ್ನು ಹೆಗಲಿಗೇರಿಸಿ, ತಲೆಯೆತ್ತಿ ಮೆಟ್ಟಿಲಿಳಿದ.