ತಂಡ ಬರುವತನಕ ಬೀಗ

ಬೆಟಗೇರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದೆ. ಗುಣಮಟ್ಟ ಪರೀಕ್ಷಿಸುವ ತಂಡ ಬರುತ್ತದೆಂದು ಆ ತಿಂಗಳು ಇಡೀ ಕಟ್ಟಡದಲ್ಲಿ ಮದುವೆಮನೆಯ ಗಡಿಬಿಡಿ. ಗೋಡೆಗೆ ಬಣ್ಣ, ನಮಗೆ ತರಬೇತಿ. ಅರ್ಧ ಜನ ತರಬೇತಿಗೆ ಹೋದರೆ ಉಳಿದವರು ಅವರ ಪಾಳಿಯನ್ನೂ ಹೊರಬೇಕು. ಇದೆಲ್ಲ ಆರೈಕೆ ಸುಧಾರಿಸಲಿಕ್ಕಂತೆ! ಮೇಲೆ ತಳುಕು, ಒಳಗೆ ಹುಳುಕು.

ನನಗೆ ಎಲ್ಲಕ್ಕಿಂತ ಸಿಟ್ಟಿದ್ದದ್ದು ಒಂದು ಬಾಗಿಲ ಮೇಲೆ. ಸಿಬ್ಬಂದಿಯ ಶೌಚಾಲಯಕ್ಕೆ ಹೊಸ ಟೈಲ್ಸ್ ಹಾಕಿಸಿ, ತಂಡದವರು ನೋಡುವತನಕ ಕೊಳೆಯಾಗಬಾರದೆಂದು ಬೀಗ ಜಡಿದಿದ್ದರು. ವಾರ್ಡಿನದು ರೋಗಿಗಳಿಗೆ ಮಾತ್ರ; ನಾವು ಕೆಳಗಿಳಿದು ಹೊರರೋಗಿಗಳ ಶೌಚಾಲಯದ ಸಾಲಿನಲ್ಲಿ ನಿಲ್ಲಬೇಕಿತ್ತು. ಹೆರಿಗೆ ವಾರ್ಡನ್ನು ಯಾರ ಕೈಗೆ ಬಿಟ್ಟು ಹೋಗುವುದು? ಕೆಲಸದ ವೇಳೆ ನೀರು ಕುಡಿಯುವುದನ್ನೇ ಬಿಟ್ಟೆವು.

ನನ್ನ ಜೊತೆಗಾತಿ ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಏಳು ತಿಂಗಳ ಬಸುರಿ. ಸೊರಟೂರಿನಿಂದ ಬಂದ ಗರ್ಭಿಣಿಯೊಬ್ಬಳಿಗೆ, "ನೀರು ಭಾಳ ಕುಡೀಬೇಕವಾ. ಇಲ್ಲಂದ್ರ ಉರಿಮೂತ್ರ ಆಗ್ತೈತಿ, ಕೂಸಿಗೂ ತ್ರಾಸು" ಎಂದು ತಿಳಿಹೇಳುತ್ತಿದ್ದಳು. ಹೇಳುವವಳ ತುಟಿಯೇ ಒಣಗಿ ಬಿರಿದಿತ್ತು.

ತಂಡ ಬಂದ ದಿನ ಆಕೆಗೆ ಮೈಸುಡುವ ಜ್ವರ, ಕಿಬ್ಬೊಟ್ಟೆಯಲ್ಲಿ ನೋವು. "ಅಕ್ಕಾ, ಕೆಳಗ ಇಳಿಯಾಕ ಆಗವಲ್ದು" ಎಂದು ಗೋಡೆ ಹಿಡಿದು ನಿಂತಳು. ಮೂತ್ರದ ಸೋಂಕು ಏರಿದರೆ ದಿನ ತುಂಬುವ ಮೊದಲೇ ಹೆರಿಗೆಯಾಗಬಹುದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಚಾವಿ ಕೇಳಲು ವ್ಯವಸ್ಥಾಪಕರ ಹತ್ತಿರ ಓಡಿದೆ.

"ತಂಡದವ್ರು ಮ್ಯಾಲ ಬರಾಕತ್ತಾರ. ಅರ್ಧಾ ತಾಸು ತಡಕೊಳ್ಳಾಕ ಹೇಳ್ರಿ ಆಕಿಗೆ" ಎಂದರು.

ತಡೆದುಕೊಳ್ಳಬೇಕಂತೆ! ಬಸುರಿ ಹೆಂಗಸು, ಜ್ವರದಲ್ಲಿ! ನನ್ನ ಮೈಯೆಲ್ಲ ಉರಿದುಹೋಯಿತು. ಆಕ್ಸಿಜನ್ ಸಿಲಿಂಡರಿನ ವಾಲ್ವ್ ತಿರುವುವ ಕಬ್ಬಿಣದ ಪಾನಾ ತಂದು ಬೀಗಕ್ಕೆ ಬಾರಿಸಿದೆ. ಚಿಲಕವೇ ಕಿತ್ತು ಬಂತು. ಸದ್ದು ಕೇಳಿ ಬಂದ ತಂಡದವರ ನಡುವೆಯೇ ಆಕೆ ಹೊಟ್ಟೆ ಹಿಡಿದುಕೊಂಡು ಒಳಗೆ ಹೋದಳು.

"ಇದಕ್ಕೇಕೆ ಬೀಗ ಹಾಕಿದ್ದೀರಿ?" ಎಂದು ತಂಡದ ಮುಖ್ಯಸ್ಥೆ ಕೇಳಿದರು. ಅವರ ಜೊತೆಗಿದ್ದ ವ್ಯವಸ್ಥಾಪಕರು ಬಾಗಿ ಕಿತ್ತುಬಿದ್ದ ಚಿಲಕ ಎತ್ತಿಕೊಂಡರು.

"ನಿಮ್ಮ ಸಲುವಾಗಿರಿ" ಎಂದೆ. "ನೀವು ನೋಡೂತನಕ ಚಂದ ಇರ್ಲಿ ಅಂತ."

ಆಕೆಯನ್ನು ನಮ್ಮ ವಾರ್ಡಿನಲ್ಲೇ ಮಲಗಿಸಿ, ಡಾಕ್ಟರು ಹೇಳಿದಂತೆ ಸೋಂಕಿನ ಔಷಧ ಕೊಟ್ಟು ಸಲಾಯಿನ್ ಹಚ್ಚಿದೆವು. ಸಂಜೆಗೆ ನೋವು ನಿಂತಿತು, ಕೂಸಿಗೆ ಏನೂ ಆಗಲಿಲ್ಲ. ನಾನು ಒಂದು ಲೋಟ ನೀರು ಕೊಟ್ಟೆ. ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಕುಡಿಯವಾ" ಎಂದೆ.

"ಸಾಕಕ್ಕಾ. ಅವ್ರು ಮತ್ತ ಕೀಲಿ ಹಾಕಿಬಿಟ್ರ?"