ಹೆಚ್ಚಿದ ಸರದ ದೂರು

ಮದುವೆಯಾಗಿ ಜೋಗುಪಾಳ್ಯದ ಮನೆಗೆ ಬಂದ ಮೊದಲ ವಾರ ಅಡುಗೆಮನೆಯಿಂದಲೇ, ಅಕ್ಕಿ ಮುಗಿದುಹೋಗಿದೆ ಅತ್ತೆ ಎಂದು ಕೂಗಿ ಹೇಳಿದ್ದೆ. ಅತ್ತೆ ಕಟ್ಟುತ್ತಿದ್ದ ಹೂವನ್ನು ತಟ್ಟೆಯಲ್ಲಿಟ್ಟು ಒಳಗೆ ಬಂದರು. ಪಕ್ಕದ ಮನೆಯವರಿಗೆ ಕೇಳದ ಹಾಗೆ ಮೆಲ್ಲಗೆ ತಿದ್ದಿದರು. ಅಕ್ಕಿ ಮುಗಿಯುವುದಿಲ್ಲ, ಹೆಚ್ಚುತ್ತದೆ. ಕುಂಕುಮವೂ ಹೆಚ್ಚುತ್ತದೆ. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ದೀಪವನ್ನು ಆರಿಸಬಾರದು, ದೊಡ್ಡದು ಮಾಡಬೇಕು. ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ವ್ಯಾಕರಣ ಕಲಿತಿದ್ದ ನನಗೆ ಈ ವ್ಯಾಕರಣ ಹೊಸದು.

"ಕೆಟ್ಟದ್ದನ್ನ ಹೆಸರಿಟ್ಟು ಕರೀಬಾರ್ದು ಕಣೇ," ಎಂದರು. "ಕರೆದ್ರೆ ಒಳಗೆ ಬಂದು ಕೂತ್ಕೊಳತ್ತೆ."

ಹತ್ತು ವರ್ಷವಾಗುವಷ್ಟರಲ್ಲಿ ನಾನೂ ಹಾಗೆಯೇ ಮಾತಾಡುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನಮ್ಮ ಕಡೆ ಸರ ಕೀಳುವವರ ಕಾಟ ಶುರುವಾಗಿತ್ತು. ಒಂದು ಸಂಜೆ ಪೊಲೀಸಿನವರು ಹತ್ತಿರದ ಶಾಲೆಯ ಹಾಲಿನಲ್ಲಿ ಹೆಂಗಸರ ಸಭೆ ಕರೆದರು. ಮಾತಾಡಿದವರು ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್. ನಲವತ್ತರ ಆಸುಪಾಸು, ಖಾಕಿ ತೊಟ್ಟಿದ್ದರೂ ಒಂದು ತುಂಡು ಕನಕಾಂಬರ ಮುಡಿದಿದ್ದರು. ಇನ್ನು ಮುಂದೆ ದೂರು ಕೊಡಲು ಹೆಂಗಸರು ಠಾಣೆಗೆ ಬರಬೇಕಾಗಿಲ್ಲ ಎಂದರು. ಬೇರೆಯೇ ಒಂದು ಫೋನ್ ಬರುತ್ತದೆ. ಅದನ್ನು ಹೆಂಗಸರೇ ಎತ್ತುತ್ತಾರೆ, ಹೇಳಿದ್ದನ್ನು ಬರೆದುಕೊಂಡು, ಆಮೇಲೆ ಮನೆಗೇ ಸೀರೆಯಲ್ಲಿ ಬಂದು ಸಹಿ ಹಾಕಿಸಿಕೊಳ್ಳುತ್ತಾರೆ. ನಂಬರು ಅಚ್ಚು ಹಾಕಿಸಿದ್ದ ಹಳದಿ ಚೀಟಿಯನ್ನು ಎಲ್ಲರಿಗೂ ಕೊಟ್ಟರು. ಏನು ಹೋಯಿತು, ಎಲ್ಲಿ, ಎಷ್ಟು ಹೊತ್ತಿಗೆ, ಗಾಡಿಯ ಬಣ್ಣ ಯಾವುದು ಎಂದು ಕೆಳಗೆ ಪ್ರಶ್ನೆಗಳಿದ್ದವು. ಪ್ರಶ್ನೆಗಳ ಮುಂದೆ ಖಾಲಿ ಗೆರೆಗಳು.

ಆ ಹಾಲಿನಲ್ಲಿದ್ದ ನಮ್ಮಂಥವರಿಗೆ ಅದು ಸಣ್ಣ ಮಾತಲ್ಲ. ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಎಂದರೆ ಬೀದಿಯಲ್ಲಿ ಅದಕ್ಕೆ ಬೇರೆ ಅರ್ಥ.

ಯಾವ ಸಭೆಯಲ್ಲೂ ಬಾಯಿ ತೆರೆಯದ ಅತ್ತೆ ಅವತ್ತು ಎದ್ದು ನಿಂತರು. "ಫೋನಲ್ಲಿ ನಮ್ಮ ಮಾತು ನಿಮಗೆ ತಿಳಿಯತ್ತೇನಮ್ಮ? ನಾವು ಹೋಯ್ತು, ಕಿತ್ರು ಅಂತೆಲ್ಲ ಅನ್ನೋರಲ್ಲ."

ಹೆಂಗಸರು ನಕ್ಕರು. ಪೊಲೀಸಮ್ಮ ನಗಲಿಲ್ಲ. "ನಮ್ಮಮ್ಮನೂ ಹಂಗೇ ರೀ," ಎಂದರು. "ನೀವು ಹೆಚ್ಚಿತು ಅನ್ನಿ ಸಾಕು. ನಾನು ಕಳವು ಅಂತ ಬರ್ಕೋತೀನಿ."

ಮನೆಗೆ ಬಂದ ಮೇಲೆ ಅತ್ತೆ ಆ ಚೀಟಿಯನ್ನು ಫೋನಿನ ಕೆಳಗೆ, ನಾನು ಹೆಣೆದಿದ್ದ ಕ್ರೋಶಾ ಬಟ್ಟೆಯ ಅಡಿಯಲ್ಲಿಟ್ಟರು. ಅದೇ ವರ್ಷ ಮಾವನಿಗೆ ಲಕ್ವ ಹೊಡೆಯಿತು. ಕಾರ್ಖಾನೆಯಿಂದ ರಿಟೈರ್ ಆಗಿ ಎರಡು ವರ್ಷವೂ ಆಗಿರಲಿಲ್ಲ. ಬಲಗೈ, ಬಲಗಾಲು ನಿಂತವು. ಕಣ್ಣು, ಬುದ್ಧಿ ಮಾತ್ರ ಚುರುಕಾಗಿದ್ದವು. ಅತ್ತೆ ಅವರ ಮಂಚದ ಪಕ್ಕದಿಂದ ಏಳುತ್ತಿದ್ದುದೇ ಕಡಿಮೆ. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಲು ಹೊರಗೆ ಹೋಗುತ್ತಿದ್ದರು, ಅಷ್ಟೇ.

ಸರ ಹೋದದ್ದು ಹಾಗೆ ರಂಗೋಲಿ ಹಾಕುವಾಗಲೇ. ನಾನು ಹಾಲು ಕಾಯಿಸುತ್ತಿದ್ದೆ. ಬೈಕಿನ ಸದ್ದು ಕೇಳಿಸಿತು, ರಂಗೋಲಿ ಡಬ್ಬಿ ಬಿದ್ದು ಉರುಳಿದ ಸದ್ದೂ ಕೇಳಿಸಿತು. ಹೊರಗೆ ಬಂದರೆ ಅತ್ತೆ ಎರಡು ಕೈಯನ್ನೂ ಕತ್ತಿಗೆ ಒತ್ತಿಕೊಂಡು ಕೂತಿದ್ದರು. ಬೆರಳುಗಳ ಸಂದಿಯಲ್ಲಿ ಕೆಂಪು ಗೀರು. ಮಾವ ಮದುವೆಯಲ್ಲಿ ಕಟ್ಟಿದ್ದ ತಾಳಿ ಅದೇ ಸರದಲ್ಲಿತ್ತು. ಅತ್ತೆ ಮೊದಲು ಹೇಳಿದ್ದು, "ನಿಮ್ಮ ಮಾವನಿಗೆ ಗೊತ್ತಾಗ್ಬಾರ್ದು." ಆಮೇಲೆ ಹೇಳಿದ್ದು, "ಫೋನ್ ಹಾಕು."

ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಅತ್ತೆಯ ಕೊರಳಿಗೆ ಹಾಕಿದೆ. ಮಾವನ ಕೋಣೆಯ ಬಾಗಿಲು ಮುಂದೆ ಮಾಡಿ, ಹಳದಿ ಚೀಟಿ ನೋಡಿಕೊಂಡು ನಂಬರು ಒತ್ತಿದೆ. ಕಳೆದುಕೊಂಡವರೇ ಮಾತಾಡಬೇಕು ಎಂದು ಸಭೆಯಲ್ಲಿ ಹೇಳಿದ್ದರಲ್ಲ, ರಿಸೀವರನ್ನು ಅತ್ತೆಯ ಕೈಗೆ ಕೊಟ್ಟೆ. ಅದನ್ನು ಇಂದಿಗೂ ನೆನೆಯುತ್ತೇನೆ. ನಾನೇ ಮಾತಾಡಬಹುದಿತ್ತು.

ಎತ್ತಿದ್ದು ಗಂಡಸಿನ ದನಿ. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಸೆರಗು ಹೊದ್ದುಕೊಂಡು, ಎದುರಿಗೆ ಯಾರೋ ಕೂತಿದ್ದಾರೆ ಎಂಬಂತೆ ನಿಧಾನವಾಗಿ ಹೇಳಿದರು. "ಬೆಳಿಗ್ಗೆ ಬಾಗಿಲಲ್ಲಿ ನನ್ನ ತಾಳಿ ಸರ ಹೆಚ್ಚಿತಪ್ಪ."

ನಮ್ಮ ಫೋನಿನಲ್ಲಿ ಆಚೆಯವರ ಮಾತು ಕೋಣೆಗೆಲ್ಲ ಕೇಳುತ್ತಿತ್ತು. ಅಲ್ಲಿ ವೈರ್‌ಲೆಸ್ ಕಿರುಚುತ್ತಿತ್ತು, ಯಾರೋ ಯಾರನ್ನೋ ಗದರುತ್ತಿದ್ದರು. "ಏನಮ್ಮಾ, ಸರ ಹೆಚ್ಚಾಯ್ತಾ? ಹೆಚ್ಚಾದ್ರೆ ಒಳ್ಳೇದಲ್ವಾ. ನಮಗೂ ಒಂದು ಕಳ್ಸಿ." ಅವನ ಪಕ್ಕದಲ್ಲಿ ಇನ್ನೊಬ್ಬ ನಕ್ಕಿದ್ದು ಕೇಳಿಸಿತು.

ಅತ್ತೆ ರಿಸೀವರನ್ನು ಸದ್ದಾಗದ ಹಾಗೆ ಇಟ್ಟರು. ನಾನು ಹೇಳುತ್ತೇನೆ, ಇನ್ನೊಮ್ಮೆ ಹಾಕೋಣ ಎಂದೆ. ಬೇಡ ಎಂದು ಕೈ ಆಡಿಸಿದರು. ಬಟ್ಟೆಯನ್ನು ಫೋನಿನ ಕೆಳಗೆ ನೇರ ಮಾಡಿದರು. ಹಾಲು ಉಕ್ಕಿ ಒಲೆ ಆರಿತ್ತು.

ವಾರದ ಮೇಲೆ, ರಸೆಲ್ ಮಾರುಕಟ್ಟೆಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ ಠಾಣೆಗೆ ಹೋದೆ. ಮೆಟ್ಟಿಲು ನಾಲ್ಕೇ ಇದ್ದವು. ಒಳಗೆ ಮೂಲೆಯಲ್ಲಿ ಪ್ಲೈವುಡ್ಡಿನ ಹೊಸ ಕೋಣೆ. ಮೇಲೆ ನೀಲಿ ಅಕ್ಷರದಲ್ಲಿ 'ದೂರವಾಣಿ ದೂರು – ಮಹಿಳೆಯರಿಗಾಗಿ' ಎಂದು ಬರೆಸಿದ್ದರು. ಒಳಗೆ ಮೇಜಿನ ಮೇಲೆ ಲಾಠಿಗಳನ್ನೂ ಹೆಲ್ಮೆಟ್ಟುಗಳನ್ನೂ ರಾಶಿ ಹಾಕಿತ್ತು. ಗೋಡೆಯಿಂದ ಫೋನಿನ ವೈರು ಇಳಿದಿತ್ತು, ಅದರ ತುದಿಗೆ ಏನೂ ಇರಲಿಲ್ಲ.

ಆ ಪೊಲೀಸಮ್ಮ ಬಂದೋಬಸ್ತಿಗೆ ಹೊರಟಿದ್ದರು. ನನ್ನನ್ನು ಗುರುತಿಸಿ ಹೊರಗಿನ ಮರದ ಕೆಳಗೆ ಕರೆದುಕೊಂಡು ಹೋದರು. ಆ ಸಲದ ಬಜೆಟ್ಟಿನಲ್ಲಿ ಹಣ ಕಡಿತವಾಯಿತಂತೆ. ಬೇರೆ ಲೈನು ಮಂಜೂರಾಗಲಿಲ್ಲ; ಕೊಡುತ್ತೇವೆಂದ ನಾಲ್ಕು ಜನ ಹೆಂಗಸರೂ ಬರಲಿಲ್ಲ. ಅಷ್ಟರಲ್ಲಿ ಚೀಟಿ ಹಂಚಿಯಾಗಿತ್ತು. ಹಾಗಾಗಿ ಆ ನಂಬರನ್ನು ಠಾಣೆಯ ಹಳೇ ಫೋನಿಗೇ ಸೇರಿಸಿದರು.

ಅತ್ತೆ ಹೇಳಿದ ಮಾತನ್ನೂ ಅದಕ್ಕೆ ಬಂದ ಉತ್ತರವನ್ನೂ ಹೇಳಿದೆ.

"ಆ ಹುಡುಗನ್ನ ಬೈಬೇಡಿ ಅಕ್ಕ," ಎಂದರು. "ಅವತ್ತಿಗೆ ಎರಡು ದಿನದಿಂದ ಫೋನಿಗೆ ಅವನೊಬ್ಬನೇ ಕೂತಿದ್ದ. ಮಾತು ಕೊಟ್ಟೋಳು ನಾನು."

ಅತ್ತೆಯೇ ಬಂದು ಬರೆದುಕೊಟ್ಟರೆ ಈಗಲೂ ದಾಖಲು ಮಾಡಿಸುತ್ತೇನೆ ಎಂದರು. ಅತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬರುವಾಗ ಎರಡು ಮೊಳ ಮಲ್ಲಿಗೆ ತಂದೆ, ಮಾರ್ಕೆಟ್ಟಿಗೆ ಹೋಗಿದ್ದೆ ಅನ್ನುವುದಕ್ಕೆ.

ಸರ ಎಲ್ಲಿ ಎಂದು ಮಾವ ಒಂದೇ ಸಲ ಕೇಳಿದರು. ಪಾಲಿಶ್‌ಗೆ ಕೊಟ್ಟಿದೆ ಎಂದರು ಅತ್ತೆ. ಮತ್ತೆ ಅವರು ಕೇಳಲಿಲ್ಲ. ಆದರೆ ಅತ್ತೆ ಔಷಧಿ ಕುಡಿಸಲು ಬಗ್ಗಿದಾಗ ಮಾವ ಆಡುವ ಎಡಗೈ ಎತ್ತಿ, ಜಾರಿದ ಸೆರಗನ್ನು ಆ ಹಳದಿ ದಾರದ ಮೇಲೆ ಎಳೆದು ಮುಚ್ಚುವುದನ್ನು ನಾನು ನೋಡಿದ್ದೇನೆ.

ಏಳು ತಿಂಗಳಿಗೆ ಮಾವ ಹೋದರು. ತಾನು ಆ ಸರವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಅವರು ಉಳಿಯುತ್ತಿದ್ದರು ಎಂಬುದನ್ನು ಅತ್ತೆಯ ಮನಸ್ಸಿನಿಂದ ತೆಗೆಯಲು ನಮ್ಮ ಯಾರಿಂದಲೂ ಆಗಲಿಲ್ಲ. ಹತ್ತನೆಯ ದಿನ ತಾಳಿ ತೆಗೆಸಲು ಬಂದ ದೊಡ್ಡವರ ಕೈಗೆ ಸಿಕ್ಕಿದ್ದು ಒಣಗಿದ ಒಂದು ಅರಿಶಿನದ ಕೊಂಬು. ಅವರವರೇ ಮುಖ ಮುಖ ನೋಡಿಕೊಂಡರು.

ಎಲ್ಲರೂ ಊರಿಗೆ ಹೋದ ಮೇಲೆ, ಒಂದು ಮಧ್ಯಾಹ್ನ, ಅವರೇ ಫೋನಿನ ಬಟ್ಟೆ ಎತ್ತಿ ಹಳದಿ ಚೀಟಿ ತೆಗೆದು ನನ್ನ ಮುಂದೆ ಇಟ್ಟರು.

"ಕಿತ್ಕೊಂಡು ಹೋದ್ರು ಕಣೇ," ಎಂದರು. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. "ಈಗ ಹೇಳ್ಬಹುದಲ್ಲ. ಇನ್ನು ನನಗೇನಾಗ್ಬೇಕು. ಬರ್ಕೋ."

ಯಾರಿಗೆ ಕೊಡುವುದಕ್ಕೆ ಎಂದು ನಾನು ಕೇಳಲಿಲ್ಲ. ಪೆನ್ನು ತಂದೆ. ಕಾನ್ವೆಂಟಿನಲ್ಲಿ ಕಲಿತ ದುಂಡು ಅಕ್ಷರದಲ್ಲಿ ಒಂದೊಂದೇ ಗೆರೆ ತುಂಬಿಸುತ್ತಾ ಹೋದೆ. ಅವರಿಗೆ ಎಲ್ಲವೂ ನೆನಪಿತ್ತು. ಆರೂವರೆ ಗಂಟೆ. ಕೆಂಪು ಬೈಕು. ಇಬ್ಬರು. ಹಿಂದೆ ಕೂತವನ ಎಡಗೈಗೆ ಸ್ಟೀಲಿನ ಬಳೆ, ಹೆಬ್ಬೆರಳಿಗೆ ಬಟ್ಟೆ ಸುತ್ತಿದ ಗಾಯ.

"ನಂಬರು ಪೂರ್ತಿ ಕಾಣಲಿಲ್ಲ," ಎಂದರು, ತಪ್ಪು ಒಪ್ಪಿಕೊಳ್ಳುವವರ ಹಾಗೆ. "ಕೊನೇದು ನಾಲ್ಕು. ಅದಂತೂ ನಾಲ್ಕೇ."