ಶಂಕ್ರೆವ್ವನ ಮಾಳಿಗೆ ಮೇಲಿನ ಹಲ್ಲುಗಳು

ಸಿಂದಗಿಯ ಬೇವಿನಮರದ ಓಣಿಯಲ್ಲಿ ಯಾವ ಮಗುವಿನ ಹಾಲುಹಲ್ಲು ಬಿದ್ದರೂ ಅದು ಹೋಗಿ ಸೇರುತ್ತಿದ್ದದ್ದು ಒಂದೇ ಜಾಗಕ್ಕೆ, ಶಂಕ್ರೆವ್ವನ ಮಾಳಿಗೆಗೆ. ಮೊದಲು ಹೀಗಿರಲಿಲ್ಲ. ಎಲ್ಲರ ಮನೆಗೂ ಮಣ್ಣಿನ ಮಾಳಿಗೆಯೇ ಛಾವಣಿಯಾಗಿದ್ದ ಕಾಲದಲ್ಲಿ ಮಕ್ಕಳು ಬಿದ್ದ ಹಲ್ಲನ್ನು ಸೆಗಣಿ ಉಂಡೆಯೊಳಗಿಟ್ಟು ತಮ್ಮ ತಮ್ಮ ಮನೆ ಮೇಲೆಯೇ ಎಸೆಯುತ್ತಿದ್ದರು. ಮಾಳಿಗೆ ಹಳೆಯದನ್ನು ತೆಗೆದುಕೊಂಡು ಹೊಸದನ್ನು ಕೊಡುತ್ತಿತ್ತು. ಆಮೇಲೆ ಒಬ್ಬರ ಹಿಂದೊಬ್ಬರು ಸ್ಲ್ಯಾಬ್ ಹಾಕಿಸಿದರು. ಸ್ಲ್ಯಾಬಿನ ಮೇಲೆ ಎಸೆದ ಉಂಡೆ ಒಡೆಯುತ್ತದೆ, ಹಲ್ಲು ಪುಟಿದು ಗಟಾರಕ್ಕೆ ಬೀಳುತ್ತದೆ. ಸಿಮೆಂಟಿಗೆ ಹಲ್ಲಿನ ಬೆಲೆ ಏನು ಗೊತ್ತು? ಕೊನೆಗೆ ಓಣಿಯಲ್ಲಿ ಉಳಿದದ್ದು ಶಂಕ್ರೆವ್ವನ ಮಣ್ಣಿನ ಮಾಳಿಗೆ ಒಂದೇ.

ಶಂಕ್ರೆವ್ವನಿಗೆ ಈಗ ಅರವತ್ತೆರಡೋ ಅರವತ್ತನಾಲ್ಕೋ. ಕೇಳಿದರೆ, "ನನ್ನ ವಯಸ್ಸ ತಗೊಂಡ ನೀ ಏನ್ ರೊಟ್ಟಿ ಬಡೀತಿ?" ಎಂದು ಬೈಯುತ್ತಾಳೆ. ಹದಿನೇಳಕ್ಕೆ ಅಗರಖೇಡಕ್ಕೆ ಮದುವೆಯಾಗಿ ಹೋದವಳು ಎರಡು ವರ್ಷಕ್ಕೆ ಗಂಡನನ್ನು ಮಣ್ಣು ಮಾಡಿ ತಿರುಗಿ ಬಂದಳು. ಬರುವಾಗ ಅತ್ತೆಮನೆಯವರು ಟ್ರಂಕು ಬೇಕೋ ರೊಟ್ಟಿ ಹಂಚು ಬೇಕೋ ಎಂದು ಕೇಳಿದರಂತೆ. ಈಕೆ ಹಂಚನ್ನು ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಅದರ ಮೇಲೆ ಜೋಳದ ಖಡಕ್ ರೊಟ್ಟಿ ಬಡಿದು, ಬಸ್‌ಸ್ಟ್ಯಾಂಡಿನ ಬದಿಯ ಖಾನಾವಳಿಗೆ ಕೊಟ್ಟು, ಯಾರ ಮುಂದೆಯೂ ಕೈಚಾಚದೆ ಬದುಕಿದಳು. ಜೊತೆಗಿರುವವನು ತಮ್ಮ ಪರಸಪ್ಪ. ಎಪಿಎಂಸಿಯಲ್ಲಿ ತೊಗರಿ ಚೀಲ ಹೊರುವ ಹಮಾಲ. ಅವನು ಲಗ್ನವೇ ಆಗಲಿಲ್ಲ. ಹೀಗಾಗಿ ಆ ಮನೆಯಲ್ಲಿ ತೊಟ್ಟಿಲು ತೂಗಲಿಲ್ಲ. ಆದರೆ ಇಡೀ ಓಣಿಯ ಮಕ್ಕಳ ಹಲ್ಲು ಶಂಕ್ರೆವ್ವನ ನೆತ್ತಿಯ ಮೇಲೆಯೇ ಇದ್ದವು.

ಇದ್ದವು ಎಂದರೆ ಸುಮ್ಮನೆ ಇರುತ್ತಿರಲಿಲ್ಲ. ಪುಷ್ಯಮಾಸದ ಚಳಿಗೆ ಬೆಳಗಿನ ಜಾವ ಮಾಳಿಗೆ ಕಟಕಟ ಎಂದು ನಡುಗುತ್ತಿತ್ತು. ಪರಸಪ್ಪ ನಿಚ್ಚಣಿಕೆ ಹತ್ತಿ ಹಳೆ ಕೌದಿಯೊಂದನ್ನು ಹೊದಿಸಿ ಬಂದರೆ ತಣ್ಣಗಾಗುತ್ತಿತ್ತು. ಓಣಿಯಲ್ಲಿ ಯಾರಾದರೂ ಶೇಂಗಾ ಹುರಿದರೆ ಜಂತಿಗಳ ಸಂದಿಯಿಂದ ಸಣ್ಣಗೆ ಅಗಿಯುವ ಸಪ್ಪಳ ಬರುತ್ತಿತ್ತು, ಹಿಟ್ಟಿನ ಮೇಲೆ ನಾಲ್ಕು ಕಾಳು ಮಣ್ಣು ಉದುರುತ್ತಿತ್ತು. "ಬಾಯಿ ಮುಚ್ಕೊಂಡ ತಿನ್ರಿ!" ಎಂದು ಶಂಕ್ರೆವ್ವ ಮೇಲೆ ನೋಡಿ ಗದರುತ್ತಿದ್ದಳು. ಒಮ್ಮೆ ಎದುರು ಮನೆಯ ಮಾಳಿಂಗ ಎಂಬ ಕಿಡಿಗೇಡಿ ಸೆಗಣಿಯಲ್ಲಿ ಹಲ್ಲಿನ ಬದಲು ಬೆಣಚುಕಲ್ಲು ಇಟ್ಟು ಎಸೆದ. ಮರುದಿನ ಅವನು ಚಪ್ಪಲಿ ಮೆಟ್ಟಿದಾಗ ಆ ಕಲ್ಲು ಹೆಬ್ಬೆರಳಿನ ಕೆಳಗೇ ಇತ್ತು. ಅಂದಿನಿಂದ ಅವನು ಆ ಮನೆಯ ಮುಂದೆ ಹಾಯುವಾಗ ಮಾಳಿಗೆಗೆ ನಮಸ್ಕಾರ ಮಾಡುತ್ತಿದ್ದ.

ಇನ್ನೊಮ್ಮೆ ಪ್ರಿಯದರ್ಶಿನಿ ಎಂಬ ಹುಡುಗಿ ಎಸೆದ ಹಲ್ಲು ಬೆಳಕಿಂಡಿಯೊಳಗಿಂದ ನೇರವಾಗಿ ಶಂಕ್ರೆವ್ವ ನಾದುತ್ತಿದ್ದ ಹಿಟ್ಟಿಗೇ ಬಿತ್ತು. ಆ ಹಿಟ್ಟನ್ನು ಎಮ್ಮೆಗೆ ಹಾಕಿ, ಹುಡುಗಿಯ ಅವ್ವನಿಗೆ ಬೈದು, ಹಲ್ಲನ್ನು ತೊಳೆದು ಬೇರೆ ಸೆಗಣಿ ಮೆತ್ತಿ ತಾನೇ ಎಸೆದಳು. ಎಸೆಯುವಾಗ "ಇದು ಪ್ರಿಯದರ್ಶಿನೀದು" ಎಂದು ಹೇಳಿದಳು. ಹಲ್ಲು ಹದಿನೈದು ದಿನಕ್ಕೆ ಪ್ರಿಯದರ್ಶಿನಿಗೇ ಬಂತು. ಎಸೆದ ಕೈ ಯಾವುದೇ ಇರಲಿ, ಮಾಳಿಗೆ ಹೇಳಿದ ಹೆಸರನ್ನು ಮಾತ್ರ ಕೇಳುತ್ತದೆ ಎಂಬುದು ಆಗ ಎಲ್ಲರಿಗೂ ತಿಳಿಯಿತು.

ಪಕ್ಕದ ಮನೆಯ ರಮಜಾನಬಿಯ ಮಗಳು ಶಾಹಿಸ್ತಾಳಿಗೆ ಏಳು ವರ್ಷವಾದಾಗ ಮೇಲಿನ ಮುಂದಿನ ಹಲ್ಲು ಬಿತ್ತು. ಬಿದ್ದದ್ದು ಇಂಡಿ ಪಟ್ಟಣದಲ್ಲಿ, ಅವಳ ಅಜ್ಜಿಯ ಮನೆಯಲ್ಲಿ. ಅಲ್ಲಿ ಸ್ಲ್ಯಾಬಿನ ಮೇಲೆ ಎಸೆದರು. ಅದು ಎಲ್ಲಿ ಹೋಯಿತೋ ದೇವರೇ ಬಲ್ಲ. ಆರು ತಿಂಗಳಾಯಿತು, ವರ್ಷವಾಯಿತು, ಹಲ್ಲು ಬರಲಿಲ್ಲ. ವಿಜಯಪುರದ ಡಾಕ್ಟರು ಫೋಟೊ ತೆಗೆದು, ಒಳಗೆ ಇದೆ, ವಸಡು ಗಟ್ಟಿಯಾಗಿದೆ, ಕಾಯಿರಿ ಎಂದರು. ಕಾಯುವುದು ಡಾಕ್ಟರಿಗೆ ಸುಲಭ. ಓಣಿಯ ಹುಡುಗರು ಅವಳನ್ನು ಬೆಳಕಿಂಡಿ ಎಂದು ಕರೆಯತೊಡಗಿದ್ದರು. ಹುಡುಗಿ ಬಾಯಿಗೆ ಅಂಗೈ ಮುಚ್ಚಿಕೊಂಡಳು. ಸಾಲೆಯಲ್ಲಿ ಹಾಜರಿ ಕೂಗಿದರೆ ಕೈ ಎತ್ತುವುದೇ ಹೊರತು ಮಾತಿಲ್ಲ. ನಗು ಬಂದರೆ ಗೋಡೆಯ ಕಡೆ ತಿರುಗಿ ನಕ್ಕು ಬರುತ್ತಿದ್ದಳು.

ಒಂದು ದಿನ ಅವಳು ಶಂಕ್ರೆವ್ವನ ಒಲೆಯ ಮುಂದೆ ಬಂದು ಕುಳಿತು, ಬೆರಳ ಸಂದಿಯಿಂದ ಕೇಳಿದಳು, "ಆಯಿ, ಇಂಡ್ಯಾಗ ಒಗದ ಹಲ್ಲ ಇಲ್ಲಿಗಿ ಬರತೈತೇನ?"

ಶಂಕ್ರೆವ್ವ ಮಕ್ಕಳಿಗೆ ಬೈದಿದ್ದಳು, ಹೊಡೆದಿದ್ದಳು, ಸುಳ್ಳು ಮಾತ್ರ ಹೇಳಿರಲಿಲ್ಲ. ಅಂದು ಆ ಕಣ್ಣುಗಳನ್ನು ನೋಡಿ ಅವಳ ನಾಲಿಗೆ ಜಾರಿತು. "ಬಂದೇತಿ. ನಿಮ್ಮವ್ವ ಹುಡಿಕಿ ತಂದ್ ಕೊಟ್ಟಾಳ. ನಾನ ಮ್ಯಾಲ ಒಗದೇನಿ. ಸ್ವಲ್ಪ ತಡಿ, ಕೊಡತೈತಿ."

ಅಷ್ಟೇ. ಮರುದಿನದಿಂದ ಸಾಲೆ ಬಿಟ್ಟ ಕೂಡಲೇ ಶಾಹಿಸ್ತಾ ಬಂದು ಒಲೆಯ ಪಕ್ಕ ಕುಳಿತುಕೊಳ್ಳುತ್ತಿದ್ದಳು. ಮಾಳಿಗೆಯ ಸಪ್ಪಳಕ್ಕೆ ಕಿವಿಗೊಟ್ಟು, ಯಾವುದು ತನ್ನ ಹಲ್ಲು ಎಂದು ಹುಡುಕುತ್ತಿದ್ದಳು. ರೊಟ್ಟಿ ಒಣಗಲು ಹರವುತ್ತಿದ್ದಳು, ನೀರು ತರುತ್ತಿದ್ದಳು, ಮಾತಿಲ್ಲದೆ ಇಡೀ ಸಂಜೆ ಇದ್ದು ಹೋಗುತ್ತಿದ್ದಳು. ಶಂಕ್ರೆವ್ವನಿಗೆ ಅವಳು ಬಾರದ ದಿನ ಒಲೆ ಸರಿಯಾಗಿ ಉರಿಯುವುದಿಲ್ಲ ಎನಿಸತೊಡಗಿತು. ಆ ಹುಡುಗಿಯ ಮೇಲೆ ಅವಳಿಗೆ ಜೀವ. ಹೇಳಿದ ಸುಳ್ಳು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಹೀಗಿರುವಾಗ ಏಪ್ರಿಲ್ ತಿಂಗಳಲ್ಲಿ ಪುರಸಭೆಯಿಂದ ಶಂಕ್ರೆವ್ವನ ಹೆಸರಿಗೆ ಹೊಸ ಮನೆ ಮಂಜೂರಾಯಿತು. ಹನ್ನೆರಡು ವರ್ಷದಿಂದ ಅರ್ಜಿ ಹಾಕುತ್ತ ಬಂದದ್ದು. ಮಳೆಗಾಲದಲ್ಲಿ ಆ ಮಾಳಿಗೆ ಸೋರಿ ಬುಟ್ಟಿಗಟ್ಟಲೆ ರೊಟ್ಟಿ ಮೆತ್ತಗಾಗಿ ಹಾಳಾಗುವುದನ್ನು ಕಂಡವರಿಗೆ ಅವಳ ಸಂತೋಷ ಅರ್ಥವಾದೀತು. ಪರಸಪ್ಪನಂತೂ ಎಪಿಎಂಸಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿ ಬಂದ. ಷರತ್ತು ಒಂದೇ, ತಿಂಗಳ ಕೊನೆಯೊಳಗೆ ಹಳೆಯದನ್ನು ಕೆಡವಿ ಖಾಲಿ ಜಾಗದ ಫೋಟೊ ಕೊಡಬೇಕು. ಇಲ್ಲದಿದ್ದರೆ ಮನೆ ಮತ್ತೊಬ್ಬರ ಹೆಸರಿಗೆ ಹೋಗುತ್ತದೆ.

ಶಂಕ್ರೆವ್ವ ಇವತ್ತು ಅಮಾವಾಸ್ಯೆ, ನಾಳೆ ಮಂಗಳವಾರ ಎನ್ನುತ್ತ ಮೂರು ವಾರ ತಳ್ಳಿದಳು. ಅಷ್ಟರೊಳಗೆ ಹಲ್ಲು ತಾನಾಗಿಯೇ ಬಂದೀತೆಂದು ಮೊದಲ ವಾರ ಶಾಹಿಸ್ತಾಳ ವಸಡನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಏನೂ ಇಲ್ಲ. ಎರಡನೆಯ ವಾರವೂ ಇಲ್ಲ. ಪರಸಪ್ಪನಿಗೆ ಸಿಟ್ಟು ನೆತ್ತಿಗೇರಿತು.

"ಯಕ್ಕಾ, ದೇವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಹಂಗಾತು ನಿಂದು. ಸೋಮವಾರ ಆಳ ಹೇಳೇನಿ. ಸೋಮವಾರ ಮಾಳಗಿ ಇಳೀತೈತಿ, ತೀರ್ತು."

ಭಾನುವಾರ ಮಧ್ಯಾಹ್ನ ಸುದ್ದಿ ಓಣಿಗೆಲ್ಲ ಮುಟ್ಟಿತು. ಯಾವ ಯಾವ ಮಕ್ಕಳ ಹಲ್ಲು ಅಲುಗಾಡುತ್ತಿತ್ತೋ ಅವರೆಲ್ಲ ಅಳುತ್ತ, ದಾರ ಕಟ್ಟಿ ಜಗ್ಗಿಕೊಳ್ಳುತ್ತ, ಅವಸರದಲ್ಲಿ ಎಸೆದು ಹೋದರು. ಮಾಳಿಂಗ ಗಟ್ಟಿಯಾಗಿದ್ದ ದವಡೆ ಹಲ್ಲನ್ನೇ ಕೀಳಲು ಹೋಗಿ ಅವ್ವನ ಕೈಯಲ್ಲಿ ಏಟು ತಿಂದ. ಎಲ್ಲರೂ ಹೋದ ಮೇಲೆ ಶಾಹಿಸ್ತಾ ಬಂದಳು. ಒಲೆಯ ಪಕ್ಕ ಕೂರಲಿಲ್ಲ, ನಿಂತೇ ಕೇಳಿದಳು.

"ಆಯಿ, ನಾಳಿಗಿ ಮಾಳಗಿ ಕೆಡವಿದ್ರ ನನ್ನ ಹಲ್ಲ ಎಲ್ಲಿ ಹೋಗತೈತಿ?"

ಇನ್ನೊಂದು ಸುಳ್ಳು ಹೇಳಬಹುದಿತ್ತು. ಒಂದು ಸುಳ್ಳಿಗೆ ಹತ್ತು ಸುಳ್ಳು ಕಾವಲು ಬೇಕಲ್ಲವೇ? ಶಂಕ್ರೆವ್ವ ಹಿಟ್ಟಿನ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡು ಎದ್ದಳು.

"ಅಲ್ಲಿ ನಿನ್ನ ಹಲ್ಲ ಇಲ್ಲವ್ವಾ. ಯಾರೂ ತಂದಿಲ್ಲ, ನಾ ಒಗದಿಲ್ಲ. ಸುಳ್ಳ ಹೇಳೇನಿ."

ಶಾಹಿಸ್ತಾಳ ಅಂಗೈ ಬಾಯಿಂದ ಜಾರಿತು. "ವರ್ಷ ಆತು! ದಿನಾ ಬಂದ ಕುಂತೇನಿ! ದಿನಾ ಕೇಳೇನಿ! ನೀ ದೊಡ್ಡಾಕಿ ಆಗಿ ಸುಳ್ಳ ಹೇಳಿದ್ಯಾ?" ಅವಳ ಧ್ವನಿ ಇಷ್ಟು ದೊಡ್ಡದೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹುಡುಗಿ ಹೊಸ್ತಿಲು ದಾಟಿದಳು, ಕಟ್ಟೆಯ ತನಕ ಹೋದಳು, ಅಲ್ಲಿಂದ ಮುಂದೆ ಹೋಗದೆ ಬೆನ್ನು ತಿರುಗಿಸಿಕೊಂಡು ನಿಂತಳು.

ಶಂಕ್ರೆವ್ವ ಒಳಗೆ ನಿಂತೇ ಅತ್ತಳು. ಗಂಡ ಸತ್ತಾಗಲೂ ಇಷ್ಟು ನಾಚಿಕೆಯಿಂದ ಅತ್ತಿರಲಿಲ್ಲ. ಅಳುವಾಗ ಅವಳ ನಾಲಿಗೆಗೆ ತನ್ನದೇ ಮೇಲಿನ ಮುಂದಿನ ಹಲ್ಲು ತಾಗಿತು. ಆ ಹಲ್ಲು ದೀಪಾವಳಿಯಿಂದ ಅಲುಗಾಡುತ್ತಿತ್ತು. ಬೀಳಬಾರದೆಂದು ಅವಳು ಬಹಳ ಜತನ ಮಾಡಿದ್ದಳು. ಯಾಕೆಂದರೆ ರೊಟ್ಟಿ ಖಡಕ್ಕಾಗಿದೆಯೋ ಇಲ್ಲವೋ ಎಂದು ಅವಳು ನೋಡುತ್ತಿದ್ದದ್ದು ಆ ಹಲ್ಲಿನಿಂದಲೇ. ಒಂದು ಚೂರು ಮುರಿದು ಕಚ್ಚಿದರೆ ಸಪ್ಪಳದಲ್ಲೇ ಎಲ್ಲ ತಿಳಿಯುತ್ತಿತ್ತು. ಆ ಹಲ್ಲು ಹೋದರೆ ಅವಳು ಕಣ್ಣು ಕಟ್ಟಿಕೊಂಡು ರೊಟ್ಟಿ ಮಾಡಿದ ಹಾಗೆ. ಇರಲಿ ಎಂದುಕೊಂಡಳು.

ಕೌದಿ ಹೊಲಿಯುವ ದಾರ ತಂದು ಹಲ್ಲಿಗೆ ಗಂಟು ಹಾಕಿದಳು. ಕಟ್ಟೆಗೆ ಬಂದು ದಾರದ ಇನ್ನೊಂದು ತುದಿಯನ್ನು ಶಾಹಿಸ್ತಾಳ ಕೈಗೆ ಕೊಟ್ಟಳು.

"ಜಗ್ಗು."

ಹುಡುಗಿ ತಿರುಗಿ ನೋಡಿದಳು. ಸಿಟ್ಟು ಇನ್ನೂ ಇತ್ತು. "ಯಾಕ?"

"ನಿನಗ ಒಂದ ಹಲ್ಲ ಕೊಡಬೇಕಾಗೇತಿ ನಾ. ಜಗ್ಗು."

"ನೋಯ್ತೈತಿ, ಆಯಿ."

"ನೋಯ್ಲಿ. ಸುಳ್ಳ ಹೇಳಾಕ ನೋವಾಗಿಲ್ಲ, ಇದಕ್ಯಾಕ ಆಗಬೇಕು?"

ಶಾಹಿಸ್ತಾ ಕಣ್ಣು ಮುಚ್ಚಿಕೊಂಡು ಜಗ್ಗಿದಳು. ಶಂಕ್ರೆವ್ವನ ಬಾಯಿಂದ ಹಲ್ಲಿನ ಜೊತೆಗೆ ಪರಸಪ್ಪನೂ ಕಿವಿ ಮುಚ್ಚಿಕೊಳ್ಳುವಂಥ ಒಂದು ಬೈಗುಳ ಬಂತು. ಹಲ್ಲು ಅಗಲವಾಗಿ, ಹಳದಿಯಾಗಿ, ತಂಬಾಕಿನ ಮಿಸ್ರಿ ಉಜ್ಜಿ ಉಜ್ಜಿ ಬುಡದಲ್ಲಿ ಕಂದಾಗಿತ್ತು. ಇಬ್ಬರೂ ಸೇರಿ ಅದಕ್ಕೆ ಸೆಗಣಿ ಮೆತ್ತಿದರು. ಶಂಕ್ರೆವ್ವ ಬೀದಿಯ ನಡುವೆ ನಿಂತು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಉಂಡೆಯನ್ನು ಎಸೆದಳು.

"ಇದು ಶಾಹಿಸ್ತಾಂದು! ಕೇಳ್ತಿಲ್ಲೋ? ಶಾಹಿಸ್ತಾಂದು!"

ಮಾಳಿಗೆ ಬಹಳ ಹೊತ್ತು ಸುಮ್ಮನಿತ್ತು. ಇಂಥ ಹಲ್ಲನ್ನು ಅದು ಹಿಂದೆ ಕಂಡಿರಲಿಲ್ಲ ಎಂದು ಕಾಣುತ್ತದೆ. ಆಮೇಲೆ ಬಾಯಿ ಮುಚ್ಚಿದ ಹಾಗೆ ಕಟ್ ಎಂದು ಒಂದೇ ಒಂದು ಸಲ ಸಪ್ಪಳವಾಯಿತು.

ಸೋಮವಾರ ಆಳುಗಳು ಬಂದು ಮಾಳಿಗೆ ಇಳಿಸಿದರು. ನಲವತ್ತು ವರ್ಷದ ಮಣ್ಣು. ಓಣಿಯ ಮಕ್ಕಳೆಲ್ಲ ಸುತ್ತ ನಿಂತಿದ್ದರು. ಪರಸಪ್ಪ ಅವರ ಕಾಟಕ್ಕೆ ಬುಟ್ಟಿ ಬುಟ್ಟಿ ಮಣ್ಣನ್ನೂ ಜರಡಿ ಹಿಡಿದ. ಹುಲ್ಲುಕಡ್ಡಿ ಸಿಕ್ಕಿತು, ಹಳೆ ಗೋಲಿ ಸಿಕ್ಕಿತು, ಎರಡು ಗಾಳಿಪಟದ ಬಾಲ ಸಿಕ್ಕವು. ಹಲ್ಲು ಮಾತ್ರ ಒಂದೂ ಸಿಗಲಿಲ್ಲ. ಮಾಳಿಗೆ ಹೋಗುವ ಮೊದಲು ಯಾರದು ಯಾರಿಗೆ ಸೇರಬೇಕೋ ಅದನ್ನೆಲ್ಲ ಕೊಟ್ಟು ಮುಗಿಸಿತ್ತು. ಫೋಟೊ ತೆಗೆಯಲು ಬಂದವರು, ಯಾಕೆ ಇಷ್ಟು ಮಕ್ಕಳು ಅಳುತ್ತಿದ್ದಾರೆ ಎಂದು ಕೇಳಿದರು.

ಅಕ್ಕ ತಮ್ಮ ಇಬ್ಬರೂ ಬೇವಿನಮರದ ಕೆಳಗೆ ತಗಡಿನ ಶೆಡ್ಡು ಹಾಕಿಕೊಂಡರು. ರೊಟ್ಟಿ ನಿಲ್ಲಲಿಲ್ಲ. ಕಚ್ಚಿ ನೋಡಲಾಗದೆ ಎರಡು ದಿನ ಮೆತ್ತನೆಯ ರೊಟ್ಟಿ ಕಳಿಸಿ ಖಾನಾವಳಿಯವನಿಂದ ಮಾತು ಕೇಳಬೇಕಾಯಿತು. ಶಾಹಿಸ್ತಾ ಸಾಲೆ ರಜೆಯಲ್ಲಿ ಇಡೀ ದಿನ ಅಲ್ಲೇ ಇರುತ್ತಿದ್ದಳು. ಒಮ್ಮೆ ಜಗಳವಾಡಿದ ಬಾಯಿ ಮತ್ತೆ ಮುಚ್ಚಲಿಲ್ಲ. ಬೆಳಕಿಂಡಿ ಎಂದ ಮಾಳಿಂಗನಿಗೆ ಅವಳು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ. ಅದನ್ನು ಯಾರಿಂದ ಕಲಿತಳೆಂದು ಎಲ್ಲರಿಗೂ ಗೊತ್ತು.

ಹೊಸ ಮನೆಗೆ ಸ್ಲ್ಯಾಬ್ ಹಾಕಿದ ಮೂರನೆಯ ದಿನ ರಮಜಾನಬಿ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದಳು.

"ಶಂಕ್ರಕ್ಕಾ, ಇದನ ನೋಡ್ರಿ. ಏ, ಬಾಯಿ ತಗಿ!"

ಶಾಹಿಸ್ತಾ ಬಾಯಿ ತೆರೆದಳು. ವಸಡು ಸೀಳಿಕೊಂಡು ಹಲ್ಲು ಅರ್ಧ ಇಳಿದಿತ್ತು. ಒಂಬತ್ತು ವರ್ಷದ ಬಾಯಿಗೆ ಅದು ತೀರ ಅಗಲ. ಪಕ್ಕದ್ದು ಹಾಲಿನಂತೆ ಬಿಳಿ, ಇದು ಹಳದಿ. ಬುಡದಲ್ಲಿ ಕಂದು ಗೆರೆ.

"ಡಾಕ್ಟರಿಗೆ ತೋರಿಸೇನ್ರಿ. ತಡಾ ಆಗಿ ಬಂದ ಹಲ್ಲ ಹಿಂಗಽ ಇರತೈತಿ ಅಂದ್ರು. ನಾ ಈ ಓಣಿಗಿ ಬಂದಾಗಿಂದ ನಿಮ್ಮ ಬಾಯಿ ನೋಡಾಕತ್ತೇನ್ರಿ, ನನಗ ಗೊತ್ತಾಗೂದಿಲ್ಲೇನು? ಇದು ನಿಮ್ಮ ಹಲ್ಲ ಐತಿ, ಯಕ್ಕಾ." ರಮಜಾನಬಿಗೆ ನಗಬೇಕೋ ಹೆದರಬೇಕೋ ತಿಳಿಯದೆ ಕಣ್ಣು ತುಂಬಿದ್ದವು.

ಶಂಕ್ರೆವ್ವ ಹಿಟ್ಟಿನ ಬೆರಳಿನಿಂದ ಆ ಹಲ್ಲನ್ನು ಒತ್ತಿ ನೋಡಿದಳು. ಕಲ್ಲಿನಂತೆ ಗಟ್ಟಿಯಾಗಿ ಕುಳಿತಿತ್ತು. ಹುಡುಗಿಯ ತುಟಿಗೆ ಹತ್ತಿದ ಹಿಟ್ಟನ್ನು ಸೆರಗಿನಿಂದ ಒರೆಸಿದಳು.

"ನಂದ್ಯಾಕ ಆಗತೈತಿ ರಮಜಾನಬಿ? ಅಕಿ ಬಾಯಾಗ ಬಂದಮ್ಯಾಲ ಅದು ಅಕೀದು."